ತೆಂಗಿನ ತೋಟದಲ್ಲಿ ಬೊಡ್ಡೆ ಉಳಿಸಬೇಡಿ



ಈ ಹೊತ್ತು ನಾನು ಹೇಳಹೊರಟಿರುವುದು ಹೊಸ ತಳಿಯ ವಿಷಯವಲ್ಲ, ಹೊಸ ಗೊಬ್ಬರದ ವಿಷಯವೂ ಅಲ್ಲ. ನೀವು ತೋಟದಲ್ಲಿ ದಿನಾ ಸುತ್ತಿ ಬಳಸಿ ಓಡಾಡುವ, ರಾತ್ರಿ ನೀರು ಕಟ್ಟುವಾಗ ಕಾಲು ಎಡವುವ, ಹುಡುಗರು ಹತ್ತಿ ಕೂರುವ ಒಂದು ವಸ್ತುವಿನ ವಿಷಯ. ಮರ ಕಡಿದ ಮೇಲೆ ನೆಲದಲ್ಲೇ ಉಳಿದುಬಿಡುತ್ತದಲ್ಲ, ಬೊಡ್ಡೆ, ಅದು. ಕೆಲವರು ಮೋಟು ಎನ್ನುತ್ತಾರೆ, ಕರಾವಳಿಯ ಕಡೆ ಕುತ್ತಿ ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ಅದನ್ನು ಕೀಳುವ ಕೆಲಸವನ್ನು ಮಾತ್ರ ನಾವೆಲ್ಲ ಮುಂದಿನ ವರ್ಷಕ್ಕೆ ಹಾಕುತ್ತೇವೆ.

"ಅದಕ್ಕೇನು ಸ್ವಾಮಿ, ಮಳೆ ಬಿಸಿಲಿಗೆ ತಾನೇ ಕೊಳೆತು ಮಣ್ಣಾಗುತ್ತೆ. ಅದಕ್ಕೆ ಬೇರೆ ಕೂಲಿ ಯಾಕೆ ದಂಡ?" ಎಂದು ಕೇಳುವವರು ಉಂಟು. ಕೇಳುವುದರಲ್ಲಿ ನ್ಯಾಯವಿದೆ. ಹೊಲದ ಬದುವಿನ ಮೇಲೆ ಒಂದು ಹುಣಸೆಯ ಬೊಡ್ಡೆಯೋ ಬೇವಿನ ಬೊಡ್ಡೆಯೋ ಇದ್ದು ನೇಗಿಲಿಗೆ ಅಡ್ಡ ಬರದಿದ್ದರೆ ಅದರ ಪಾಡಿಗೆ ಅದು ಇರಲಿ, ನಾನು ಬೇಡವೆನ್ನುವುದಿಲ್ಲ. ಆದರೆ ತೆಂಗು, ಅಡಿಕೆಯ ತೋಟದ ಮಾತು ಬೇರೆ. ಕೊಳೆಯುವುದು ಎಂದರೆ ಏನು? ಯಾವುದೋ ಒಂದು ಜೀವ ಅದನ್ನು ತಿನ್ನುತ್ತಿದೆ ಎಂದು ಅರ್ಥ. ನಿಮ್ಮ ಬೊಡ್ಡೆಯನ್ನು ತಿನ್ನುತ್ತಿರುವುದು ಯಾರು, ಅದು ಮುಗಿದ ಮೇಲೆ ಅವರು ಊಟಕ್ಕೆ ಎಲ್ಲಿಗೆ ಹೋಗುತ್ತಾರೆ, ಇಷ್ಟನ್ನು ನೀವು ಯೋಚಿಸಿದರೆ ಸಾಕು.

ಮೊದಲನೆಯ ಗಿರಾಕಿ ಅಣಬೆ. ತುಮಕೂರು, ತಿಪಟೂರು, ಅರಸೀಕೆರೆ, ತರೀಕೆರೆಯ ಕಡೆಯ ತೋಟದವರಿಗೆ ಅಣಬೆರೋಗ ಎಂದರೆ ವಿವರಿಸಿ ಹೇಳಬೇಕಾಗಿಲ್ಲ. ತೆಂಗಿಗೂ ಬರುತ್ತದೆ, ಅಡಿಕೆಗೂ ಬರುತ್ತದೆ. ತಮಿಳುನಾಡಿನ ತಂಜಾವೂರು ಜಿಲ್ಲೆಯಲ್ಲಿ 1952ರಲ್ಲಿ ತೆಂಗಿಗೆ ಇದು ಜೋರಾಗಿ ಬಂದದ್ದರಿಂದ ತಂಜಾವೂರು ಸೊರಗು ಎಂಬ ಹೆಸರೂ ಇದಕ್ಕುಂಟು. ಶಾಸ್ತ್ರಜ್ಞರು ಈ ಬೂಷ್ಟಿಗೆ ಗ್ಯಾನೊಡರ್ಮ ಎನ್ನುತ್ತಾರೆ. ಮೊದಲು ಬೇರು ಕೊಳೆಯುತ್ತದೆ, ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಕೆಳಗಿನ ಸುತ್ತಿನ ಗರಿಗಳು ಹಳದಿಯಾಗಿ, ಒಣಗಿ, ಕಾಂಡಕ್ಕೆ ಅಂಟಿಕೊಂಡು ಜೋಲು ಬೀಳುತ್ತವೆ. ಬುಡದ ಬಿರುಕುಗಳಿಂದ ಕೆಂಪು ಮಿಶ್ರಿತ ಕಂದು ಬಣ್ಣದ ಅಂಟು ರಸ ಒಸರುತ್ತದೆ; ದಿನ ಕಳೆದ ಹಾಗೆ ಈ ಒಸರು ಮೇಲಕ್ಕೆ ಹತ್ತುತ್ತದೆ. ಕಾಯಿ ಸಣ್ಣದಾಗುತ್ತದೆ, ಉದುರುತ್ತದೆ. ಮಳೆಗಾಲ ಬಂದಾಗ ಬುಡದ ಪಕ್ಕದಲ್ಲಿ ಗಟ್ಟಿಯಾದ, ಮೇಲ್ಗಡೆ ಮೆರುಗೆಣ್ಣೆ ಬಳಿದ ಹಾಗೆ ಹೊಳೆಯುವ, ಕಿವಿಯ ಆಕಾರದ ಅಣಬೆ ಏಳುತ್ತದೆ. ಅಣಬೆ ಎದ್ದಿತೆಂದರೆ ಆ ಮರದ ಲೆಕ್ಕ ಮುಗಿಯಿತು ಎಂದೇ ತಿಳಿಯಿರಿ. ಕೆಲವು ಮರ ಆರು ತಿಂಗಳಿಗೆ ಸಾಯುತ್ತದೆ, ಕೆಲವು ನಾಲ್ಕೈದು ವರ್ಷ ಎಳೆದಾಡುತ್ತದೆ.

ಈ ಬೂಷ್ಟು ಒಂದು ಮರದಿಂದ ಇನ್ನೊಂದಕ್ಕೆ ಹೋಗುವ ದಾರಿ ಮಣ್ಣಿನೊಳಗೆ. ಕೊಳೆತ ಬೇರು ಒಳ್ಳೆಯ ಬೇರಿಗೆ ತಾಗಿದರೆ ಅಂಟು. ಅಡಿಕೆಯಲ್ಲಿ ಒಂಬತ್ತು ಅಡಿಗೊಂದು ಗಿಡ. ಬೇರಿಗೆ ಬೇರು ಹೆಣೆದುಕೊಂಡೇ ಇರುತ್ತದೆ. ತೆಂಗಿನಲ್ಲಿ ಇಪ್ಪತ್ತೈದು ಮೂವತ್ತು ಅಡಿ ಅಂತರ ಬಿಟ್ಟಿದ್ದರೂ ನಡುವೆ ನೇಗಿಲು ಆಡುತ್ತದೆ, ಕಾಲುವೆಯ ನೀರು ಈ ಬುಡದಿಂದ ಆ ಬುಡಕ್ಕೆ ಹರಿಯುತ್ತದೆ, ಕೊಳೆತ ಬೇರಿನ ಚೂರುಗಳೂ ಜೊತೆಯಲ್ಲೇ ಪ್ರಯಾಣ ಮಾಡುತ್ತವೆ.

ಈಗ ನಮ್ಮ ತೋಟಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ನೋಡಿ. ಮರ ಸೊರಗುತ್ತದೆ. ಯಜಮಾನನಿಗೆ ಕಡಿಯಲು ಮನಸ್ಸು ಬಾರದು, ತಾತ ನೆಟ್ಟ ಮರ. "ಇನ್ನೂ ನಾಲ್ಕು ಕಾಯಿ ಕಚ್ಚಿದೆ, ಇರಲಿ" ಎನ್ನುತ್ತಾನೆ. ಎರಡು ವರ್ಷ ಕಳೆದು ಸುಳಿ ಬಿದ್ದ ಮೇಲೆ, ಆಳು ಕರೆಸಿ, ಮೊಣಕಾಲೆತ್ತರಕ್ಕೆ ಗರಗಸ ಹಾಕಿ ಕೊಯ್ಯಿಸುತ್ತಾನೆ. ಕಾಂಡ ತೊಲೆಗೋ ಸೌದೆಗೋ ಹೋಯಿತು, ತೋಟ ಚೊಕ್ಕವಾಯಿತು ಎಂದುಕೊಳ್ಳುತ್ತಾನೆ. ಆದರೆ ರೋಗ ಇದ್ದದ್ದು ಎಲ್ಲಿ? ಕೊಂಡೊಯ್ದ ಕಾಂಡದ ಮೇಲ್ಭಾಗದಲ್ಲಿ ಅಲ್ಲ. ಬಿಟ್ಟುಹೋದ ಬೊಡ್ಡೆಯಲ್ಲಿ, ಅದರ ಬೇರಿನಲ್ಲಿ. ಬೂದಿ ಮುಚ್ಚಿದ ಕೆಂಡ ಅದು. ವರ್ಷಗಟ್ಟಲೆ ಒಳಗೊಳಗೇ ಬದುಕಿರುತ್ತದೆ. ಅದರ ಪಕ್ಕದಲ್ಲೇ, ಕೆಲವೊಮ್ಮೆ ಒಂದೇ ಮಾರು ದೂರದಲ್ಲಿ, ಹೊಸ ಸಸಿ ನೆಡುತ್ತೇವೆ. ಆ ಸಸಿ ಹೊಂಬಾಳೆ ಒಡೆಯುವುದಕ್ಕೆ ಆರೇಳು ವರ್ಷ ಬೇಕು. ಅಷ್ಟರೊಳಗೆ ಬೇರು ಬೊಡ್ಡೆಯ ಕಡೆ ಬೆಳೆದು ಅಂಟು ಹಿಡಿಯಿತೆಂದರೆ ಆರೇಳು ವರ್ಷದ ಆರೈಕೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಒಂದು ಬೊಡ್ಡೆಗೆ ಕೊಡುವ ಕೂಲಿ ಹೆಚ್ಚೋ, ಇದು ಹೆಚ್ಚೋ, ನೀವೇ ಲೆಕ್ಕ ಹಾಕಿ.

ಎರಡನೆಯ ಗಿರಾಕಿ ದುಂಬಿ. ಮೂಗಿನ ಮೇಲೆ ಕೊಂಬಿರುವ, ಹೆಬ್ಬೆರಳು ಗಾತ್ರದ, ಕಪ್ಪಗೆ ಮಿರುಗುವ ರೈನೋಸರಸ್ ದುಂಬಿಯನ್ನು ನೀವು ದೀಪದ ಬೆಳಕಿಗೆ ಬಂದು ಬಿದ್ದಾಗ ನೋಡಿದ್ದೀರಿ. ದಕ್ಷಿಣ ಕನ್ನಡದವರು ಕುರುವಾಯಿ ಎನ್ನುತ್ತಾರೆ. ಇದು ತೆಂಗಿನ ಸುಳಿ ಕೊರೆದು ರಸ ಹೀರುತ್ತದೆ. ಆ ಸುಳಿ ಬಿಚ್ಚಿ ಗರಿಯಾದಾಗ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗೆ ಕಾಣುತ್ತದೆ. ಆದರೆ ಇದು ಹುಟ್ಟಿ ಬೆಳೆಯುವುದು ಸುಳಿಯಲ್ಲಲ್ಲ. ಕೊಳೆತ ತೆಂಗಿನ ಬೊಡ್ಡೆ, ಬಿದ್ದ ಕಾಂಡ, ತಿಪ್ಪೆಗುಂಡಿ, ಇವೇ ಇದರ ತೊಟ್ಟಿಲು. ಅಲ್ಲಿ ಮೊಟ್ಟೆ ಇಡುತ್ತದೆ, ಅಲ್ಲೇ ಬಿಳಿಯ ಗೊಣ್ಣೆಹುಳು ಬಾಗಿ ಮಲಗಿ ನಾಲ್ಕರಿಂದ ಆರು ತಿಂಗಳು ತಿಂದು ಕೊಬ್ಬುತ್ತದೆ. ಎರಡು ವರ್ಷ ಹಳೆಯದಾದ ಒಂದು ಬೊಡ್ಡೆಯನ್ನು ಹಾರೆಯಿಂದ ಎಬ್ಬಿ ನೋಡಿ, ಒಳಗೆ ಏನಿದೆ ಎಂದು ನಿಮಗೇ ತಿಳಿಯುತ್ತದೆ. ಈ ಹುಳು ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. 1909ರಲ್ಲಿ ಸಿಂಹಳದಿಂದ ರಬ್ಬರ್ ಸಸಿಗಳನ್ನು ಪೆಸಿಫಿಕ್ ಸಾಗರದ ಸಮೋವಾ ದ್ವೀಪಕ್ಕೆ ಹಡಗಿನಲ್ಲಿ ಕಳಿಸಿದರು. ಸಸಿಯ ಜೊತೆಯಲ್ಲಿ ಈ ದುಂಬಿಯೂ ಹೋಯಿತು. ಅಲ್ಲಿಯವರೆಗೆ ಅದನ್ನು ಕಂಡೇ ಇರದ ಆ ಸಮುದ್ರದ ದ್ವೀಪಗಳಲ್ಲಿ ಅಂದಿನಿಂದ ತೆಂಗಿಗೆ ಪೀಡೆ ಅಂಟಿಕೊಂಡಿತು. ಸಮುದ್ರ ದಾಟಿದ ಹುಳುವಿಗೆ ನಿಮ್ಮ ಬೇಲಿ ಯಾವ ಲೆಕ್ಕ? ನಿಮ್ಮ ಬೊಡ್ಡೆಯಲ್ಲಿ ಹುಟ್ಟಿದ ದುಂಬಿ ಪಕ್ಕದವನ ಸುಳಿ ಕೊರೆಯುತ್ತದೆ, ಅವನ ತಿಪ್ಪೆಯದು ನಿಮ್ಮಲ್ಲಿಗೆ ಬರುತ್ತದೆ.

ಇರಲಿ, ಕೀಳುವ ಕೆಲಸಕ್ಕೆ ಬರೋಣ. ಇದರಲ್ಲಿ ಮುಖ್ಯವಾಗಿ ಒಂದು ಮಾತು ಹಿಡಿದುಕೊಳ್ಳಿ. ಮರ ಕಡಿದು ಆಮೇಲೆ ಬೊಡ್ಡೆ ಕೀಳುವುದು ಕಷ್ಟ. ಮರ ನಿಂತಿರುವಾಗಲೇ ಬುಡಸಮೇತ ಉರುಳಿಸುವುದು ಸುಲಭ. ನಲವತ್ತು ಅಡಿ ಕಾಂಡ ಎಂದರೆ ನಲವತ್ತು ಅಡಿಯ ಹಾರೆ ಇದ್ದ ಹಾಗೆ. ಅದನ್ನು ಮೊದಲೇ ಕತ್ತರಿಸಿ ಬಿಸಾಡಿ, ಆಮೇಲೆ ಮೂರಡಿ ಹಾರೆ ಹಿಡಿದು ಬೊಡ್ಡೆಯ ಮೇಲೆ ಬೆವರು ಸುರಿಸುವುದು ಯಾತಕ್ಕೆ?

ತೆಂಗಿಗೆ ತಾಯಿಬೇರು ಇಲ್ಲ. ಮಾವು ಹಲಸಿನ ಹಾಗೆ ಪಾತಾಳಕ್ಕೆ ಇಳಿದ ಗೂಟ ಯಾವುದೂ ಇಲ್ಲ. ಅದರ ಬೊಡ್ಡೆ ಮಣ್ಣಿನೊಳಗೆ ಬುಗುರಿಯ ಹಾಗೆ ಕೆಳಕ್ಕೆ ಚೂಪಾಗಿದೆ. ಅದರ ಸುತ್ತಿನಿಂದ ಕಿರುಬೆರಳು ಗಾತ್ರದ ಬೇರುಗಳು ಎರಡು ಮೂರು ಸಾವಿರ, ಕೆಲವು ಮರದಲ್ಲಿ ನಾಲ್ಕು ಸಾವಿರದವರೆಗೂ ಹೊರಟಿರುತ್ತವೆ. ಒಂದೊಂದೂ ಸಣ್ಣದೇ. ಹೆಚ್ಚಿನ ಪಾಲು ಬುಡದಿಂದ ಆರೇಳು ಅಡಿಯೊಳಗೇ, ನಾಲ್ಕು ಅಡಿ ಆಳದೊಳಗೇ ಇರುತ್ತವೆ. ಆದ್ದರಿಂದ ಬುಡದಿಂದ ಎರಡರಿಂದ ಮೂರು ಅಡಿ ಬಿಟ್ಟು ಸುತ್ತಲೂ ಒಂದು ಕಾಲುವೆಯ ಹಾಗೆ ತೋಡಿ, ಸಿಕ್ಕಿದ ಬೇರನ್ನೆಲ್ಲ ಚೂಪಾದ ಹಾರೆಯಿಂದಲೋ ಹಳೆಯ ಕೊಡಲಿಯಿಂದಲೋ ಕತ್ತರಿಸುತ್ತ ಹೋದರೆ ಮೂರಡಿ ಆಳಕ್ಕೆ ಹೋಗುವಷ್ಟರಲ್ಲಿ ಮರ ಸಡಿಲವಾಗಿರುತ್ತದೆ. ಹೊಸ ಕೊಡಲಿ ತರಬೇಡಿ, ಮಣ್ಣು ಕಲ್ಲಿಗೆ ತಾಗಿ ಬಾಯಿ ಹೋಗುತ್ತದೆ.

ಆದರೆ ಗುದ್ದಲಿ ಹಾಕುವ ಮೊದಲು ಹಗ್ಗ. ಇದನ್ನು ಒತ್ತಿ ಹೇಳುತ್ತೇನೆ. ರೋಗದ ಮರದಲ್ಲಿ ಬೇರು ಅರ್ಧಕ್ಕರ್ಧ ಕೊಳೆತಿರುವುದರಿಂದ ಅದು ನಾವು ಎಣಿಸಿದ್ದಕ್ಕಿಂತ ಮೊದಲೇ ವಾಲಬಹುದು. ಬುಡ ಕೊಳೆತ ಮರಕ್ಕೆ ಆಳನ್ನು ಹತ್ತಿಸಕೂಡದು. ಎಷ್ಟೇ ಪಳಗಿದವನಾದರೂ ಕೂಡದು. ಉದ್ದನೆಯ ಬಿದಿರು ಗಳುವಿನಿಂದ ಹಗ್ಗದ ಕುಣಿಕೆಯನ್ನು ಎಟುಕಿದಷ್ಟು ಮೇಲಕ್ಕೆ ನೂಕಿ ಬಿಗಿಯಿರಿ. ಹಗ್ಗ ಮರದ ಎತ್ತರಕ್ಕಿಂತ ಒಂದೂವರೆಪಟ್ಟಾದರೂ ಉದ್ದ ಇರಬೇಕು. ಇಲ್ಲದಿದ್ದರೆ ಎಳೆಯುವವರ ತಲೆಯ ಮೇಲೇ ಮರ. ಎರಡು ಹಗ್ಗ ಕಟ್ಟಿ, ಎಳೆಯುವವರು ಮರ ಬೀಳುವ ದಾರಿಯ ಎಡಕ್ಕೊಬ್ಬರು ಬಲಕ್ಕೊಬ್ಬರು ಓರೆಯಾಗಿ ನಿಂತರೆ ಇನ್ನೂ ಒಳ್ಳೆಯದು. ಎತ್ತುಗಳನ್ನು ಹೂಡಿ ಎಳೆಸುವ ಅಭ್ಯಾಸ ಕೆಲವೆಡೆ ಇದೆ. ಮರ ಬೀಳುವ ನೇರದಲ್ಲಿ ಎತ್ತು ನಿಲ್ಲಿಸುವುದು ಬೇಡವೇ ಬೇಡ. ಹತ್ತಿರದಲ್ಲಿ ವಿದ್ಯುತ್ ತಂತಿ ಇದ್ದರೆ ಮೊದಲು ವಿದ್ಯುತ್ ಕಚೇರಿಗೆ ತಿಳಿಸಿ, ತಂತಿಯಲ್ಲಿ ಹರಿವು ನಿಲ್ಲಿಸಿದ ಮೇಲೇ ಕೈ ಹಾಕಿ.

ಯಾವ ಕಡೆಗೆ ಬೀಳಿಸಬೇಕೋ ಅದರ ಎದುರು ಬದಿಯ ಬೇರುಗಳನ್ನು ಮೊದಲು ಕತ್ತರಿಸಿ, ಆಮೇಲೆ ಎರಡೂ ಪಕ್ಕದ್ದು. ಬೀಳುವ ಬದಿಯದನ್ನು ಕೊನೆಯವರೆಗೆ ಬಿಡಿ, ಅದು ಬಾಗಿಲಿನ ಕೀಲಿನ ಹಾಗೆ ಮರವನ್ನು ದಾರಿಗೆ ಹಿಡಿದಿರುತ್ತದೆ. ಆಮೇಲೆ ಎಲ್ಲರೂ ಗುಂಡಿಯಿಂದ ಹೊರಗೆ ಬಂದು ಹಗ್ಗ ಎಳೆದರೆ ಕಾಂಡದ ಭಾರಕ್ಕೆ ಬೊಡ್ಡೆ ತಾನೇ ಮೇಲಕ್ಕೆ ಏಳುತ್ತದೆ. ನೆಲ ಗಟ್ಟಿಯಾಗಿದ್ದರೆ ಹಿಂದಿನ ಸಂಜೆ ಕಾಲುವೆಗೆ ನಾಲ್ಕಾರು ಕೊಡ ನೀರು ಹುಯ್ಯಿರಿ. ರೋಗದ ಮರಕ್ಕೆ ಹರಿನೀರು ಬಿಡಬೇಡಿ, ಅದು ಮುಂದಿನ ಮರದ ಬುಡಕ್ಕೆ ಹೋಗಿ ನಿಲ್ಲುತ್ತದೆ.

ಈಗಾಗಲೇ ಕಡಿದು ಬೊಡ್ಡೆ ಮಾತ್ರ ಉಳಿದಿರುವ ಕಡೆ ಏನು ಮಾಡುವುದು? ಅಲ್ಲಿ ಬೇರೆ ದಾರಿಯಿಲ್ಲ, ಮೈಮುರಿದು ಅಗೆಯಬೇಕು. ಸುತ್ತ ತೋಡಿ ಬೇರು ಕತ್ತರಿಸಿ, ನಡುವೆ ಕಬ್ಬಿಣದ ಬೆಣೆ ಹೊಡೆದು ಎರಡೋ ನಾಲ್ಕೋ ಹೋಳು ಮಾಡಿ, ಒಂದೊಂದನ್ನೇ ಎಬ್ಬಬೇಕು. ಇಡಿಯ ಬೊಡ್ಡೆಯನ್ನು ಒಂದೇ ಸಲಕ್ಕೆ ಎತ್ತಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ. ಹಳೆಯ ಬೊಡ್ಡೆಯ ಅಡಿಯಲ್ಲಿ ಚೇಳು, ಹಾವು ಇರುವುದು ಸಹಜ. ಬರಿಗೈ ಹಾಕದೆ ಮೊದಲು ಹಾರೆಯಿಂದ ಕದಲಿಸಿ. ಅಡಿಕೆಯ ಬೊಡ್ಡೆಯೇನೋ ಸಣ್ಣದು, ಒಬ್ಬ ಆಳು ಸಲೀಸಾಗಿ ಕಿತ್ತಾನು. ಆದರೆ ದಬ್ಬೆಗೆಂದು ಮರ ಕಡಿದು ಬೊಡ್ಡೆ ಮರೆಯುವುದು ಅಡಿಕೆ ತೋಟದಲ್ಲೇ ಹೆಚ್ಚು.

ಕಾಲ ಯಾವುದು ಎಂದು ಕೇಳುತ್ತೀರಿ. ಮಳೆಗಾಲದಲ್ಲಿ ಅಣಬೆ ಎದ್ದಾಗಲೇ ತೋಟ ಸುತ್ತಿ, ಅಣಬೆ ಎದ್ದ ಬುಡಕ್ಕೂ ಒಸರು ಕಂಡ ಬುಡಕ್ಕೂ ಸುಣ್ಣದ ಪಟ್ಟೆ ಬಳಿದು ಗುರುತು ಮಾಡಿಟ್ಟುಕೊಳ್ಳಿ. ಆ ಅಣಬೆಗಳನ್ನು ಕಂಡ ದಿನವೇ ಕಿತ್ತು ಒಲೆಗೆ ಹಾಕಿ. ಬಲಿಯುವುದಕ್ಕೆ ಬಿಟ್ಟರೆ ಬೀಜದಂಥ ಪುಡಿ ಉದುರಿಸುತ್ತವೆ. ಕಾರ್ತಿಕ ಮಾರ್ಗಶಿರದಲ್ಲಿ ಮಳೆ ಹಿಂದಾಗಿ ನೆಲದಲ್ಲಿ ಇನ್ನೂ ಹಸಿ ಇರುವಾಗ ಕೀಳಿ. ಪುಷ್ಯ ಮಾಘದ ಬಿಸಿಲಿಗೆ ಹೋಳುಗಳು ಒಣಗುತ್ತವೆ. ಶಿವರಾತ್ರಿಯ ಹೊತ್ತಿಗೆ, ಬೇಸಗೆ ಗಾಳಿ ಏಳುವ ಮೊದಲು, ಸುಟ್ಟು ಮುಗಿಸಿಬಿಡಬೇಕು.

ಮರ ಕೀಳುವುದು ತಡವಾಗುವಂತಿದ್ದರೆ ಅಷ್ಟರವರೆಗೆ ಅದರ ಸುತ್ತ ತಡೆಗಾಲುವೆ ತೋಡಿ: ಮೂರಡಿ ಆಳ, ಒಂದರಿಂದ ಎರಡಡಿ ಅಗಲ. ಇದರಿಂದ ರೋಗದ ಬೇರಿಗೂ ಒಳ್ಳೆಯ ಬೇರಿಗೂ ನಂಟು ತಪ್ಪುತ್ತದೆ. ತೆಗೆದ ಮಣ್ಣನ್ನು ರೋಗದ ಮರದ ಕಡೆಗೇ ಹಾಕಿ, ಆಚೆಗೆ ಎಸೆಯಬೇಡಿ. ಆ ಭಾಗದಲ್ಲಿ ನೇಗಿಲು ಆಡಿಸುವುದನ್ನು ನಿಲ್ಲಿಸಿ. ನೀರನ್ನು ಬುಡದಿಂದ ಬುಡಕ್ಕೆ ಹರಿಸದೆ ಪ್ರತಿ ಮರಕ್ಕೂ ಬೇರೆ ಪಾತಿ ಮಾಡಿ ಕೊಡಿ.

ಕಿತ್ತದ್ದು ಆಯಿತು. ಈಗ ಈ ಬೊಡ್ಡೆಯನ್ನು ಎಲ್ಲಿಗೆ ಹಾಕುವುದು? ಅರ್ಧ ಮಂದಿ ಸೋಲುವುದು ಇಲ್ಲೇ. ಕಷ್ಟಪಟ್ಟು ಕಿತ್ತು, ಉರುಳಿಸಿಕೊಂಡು ಹೋಗಿ ಬದುವಿನ ಮೇಲೆ ನಿಲ್ಲಿಸುತ್ತಾರೆ. ಇಲ್ಲವೇ ಹಳ್ಳದ ದಂಡೆಗೆ ತಳ್ಳುತ್ತಾರೆ. ಇಲ್ಲವೇ ಮೂಲೆಯಲ್ಲಿ ಗುಂಡಿ ತೆಗೆದು ಹೂಳುತ್ತಾರೆ. ಮೂರೂ ತಪ್ಪು. ಬದುವಿನ ಮೇಲಿಟ್ಟರೆ ದುಂಬಿಗೆ ಮನೆ ಕಟ್ಟಿಸಿ ಕೊಟ್ಟ ಹಾಗೆ. ಹಳ್ಳಕ್ಕೆ ತಳ್ಳಿದರೆ ಕೆಳಗಿನ ತೋಟದವನ ಪಾಲಿಗೆ. ಹೂತರೆ ರೋಗವನ್ನು ಬಿತ್ತಿದ ಹಾಗೆ. ತಿಪ್ಪೆಗೆ ಹಾಕುವುದಂತೂ ಬೇಡ, ಗೊಣ್ಣೆಹುಳುವಿಗೆ ಅದಕ್ಕಿಂತ ಹಬ್ಬ ಇಲ್ಲ.

ಬೊಡ್ಡೆಯನ್ನು ಆರೆಂಟು ಸೀಳು ಮಾಡಿ, ಮಣ್ಣು ಕೆಡವಿ, ಸೀಳಿದ ಮೈ ಬಿಸಿಲಿಗೆ ಕಾಣುವಂತೆ ಹರವಬೇಕು. ತೆಂಗಿನ ಬೊಡ್ಡೆ ನೀರು ಕುಡಿದ ನಾರಿನ ಮುದ್ದೆ, ಹಸಿಯಾಗಿದ್ದಾಗ ಬೆಂಕಿ ಹಿಡಿಯುವುದಿಲ್ಲ, ಬರೀ ಹೊಗೆ. ಎರಡು ಮೂರು ತಿಂಗಳು ಒಣಗಿದ ಮೇಲೆ ಮಟ್ಟೆ, ಗರಿ, ಸಿಪ್ಪೆ ಒಟ್ಟಿ ಬೆಂಕಿ ಕೊಟ್ಟರೆ ಚೆನ್ನಾಗಿ ಉರಿಯುತ್ತದೆ. ಗುಂಡಿಯ ಸುತ್ತ ಹನ್ನೆರಡು ಹದಿನೈದು ಅಡಿಯೊಳಗೆ ಜೀವದ ಮರ ಇಲ್ಲದಿದ್ದರೆ ಅದೇ ಗುಂಡಿಯಲ್ಲೇ ಸುಡಬಹುದು. ಅಡಿಕೆ ತೋಟದಲ್ಲಿ ಹಾಗೆ ಜಾಗ ಸಿಗುವುದಿಲ್ಲ. ಅಡಿಕೆಯ ಕಾಂಡಕ್ಕೆ ಬಿಸಿಲಿನ ಝಳವೇ ತಡೆಯದು, ಬೆಂಕಿಯ ಝಳ ತಡೆದೀತೇ? ಅಲ್ಲಿ ಗೋಣಿಯಲ್ಲೋ ಬುಟ್ಟಿಯಲ್ಲೋ ತುಂಬಿ ಹೊರಗೆ ಬಯಲಿಗೆ ಹೊತ್ತೊಯ್ಯಿರಿ, ನೆಲದ ಮೇಲೆ ಎಳೆದುಕೊಂಡು ಹೋಗಬೇಡಿ. ಬೆಳಗಿನ ಜಾವ ಗಾಳಿ ಇಲ್ಲದಾಗ ಹಚ್ಚಿ, ಸುತ್ತ ಹುಲ್ಲು ಕೆರೆದು, ನಾಲ್ಕು ಕೊಡ ನೀರು ಪಕ್ಕದಲ್ಲಿಟ್ಟುಕೊಂಡಿರಿ. ಬೊಡ್ಡೆಯ ಬೆಂಕಿ ಆರಿದಂತೆ ಕಂಡರೂ ಒಳಗೆ ಎರಡು ದಿನ ಕೆಂಡ ಇರುತ್ತದೆ, ಮಕ್ಕಳನ್ನು ಆ ಕಡೆ ಬಿಡಬೇಡಿ.

ಮನೆಯ ಹೆಣ್ಣುಮಕ್ಕಳಿಗೂ ಒಂದು ಮಾತು. ಒಣಗಿದ ಸೀಳುಗಳನ್ನು ಬಚ್ಚಲ ಹಂಡೆಯ ಒಲೆಗೆ ಧಾರಾಳವಾಗಿ ಹಾಕಿ, ರೋಗದ ಮರದ್ದಾದರೂ ಚಿಂತೆಯಿಲ್ಲ, ಬೆಂಕಿಗೆ ಬಿದ್ದ ಮೇಲೆ ರೋಗ ಎಲ್ಲಿಯದು? ಆದರೆ ಕೊಟ್ಟಿಗೆಯ ಹಿಂದೆ ಒಟ್ಟಿ, "ಮಳೆಗಾಲಕ್ಕೆ ಆಗುತ್ತೆ" ಎಂದು ಎತ್ತಿಡಬೇಡಿ. ಮುಂಗಾರಿನ ಮೊದಲೇ ಮುಗಿಸಿ. ಸೀಳುವಾಗ ಹೊರಬೀಳುವ ಗೊಣ್ಣೆಹುಳುಗಳನ್ನು ಕೋಳಿಗಳ ಮುಂದೆ ಹಾಕಿದರೆ ಒಂದೂ ಉಳಿಸುವುದಿಲ್ಲ.

ಕಾಂಡದ ವಿಷಯ ಹೇಳಿಬಿಡುತ್ತೇನೆ. ರೋಗದ ಮರವಾದರೂ ಮೇಲಿನ ಗಟ್ಟಿ ಭಾಗ ತೊಲೆಗೆ, ಜಂತೆಗೆ ಬಂದೀತು. ಸೀಳಿ ಒಣಗಿಸಿ ಮಾಡಿನಡಿ ಇಡಿ. ಇಡೀ ಕಾಂಡವನ್ನು ಕಾಲುವೆಗೆ ಸೇತುವೆಯೆಂದು ಅಡ್ಡ ಹಾಕುವ ರೂಢಿ ನಮ್ಮಲ್ಲಿ ಬಹಳ. ನೆಲದ ಹಸಿ ತಗುಲಿ ಅದು ಮೆತ್ತಗಾಯಿತೆಂದರೆ ಅದೂ ದುಂಬಿಯ ತೊಟ್ಟಿಲೇ. ಕೆಂಪುಮೂತಿ ಹುಳು ಹೊಕ್ಕು ಸತ್ತ ಮರವಾಗಿದ್ದರಂತೂ ಕಡಿದ ದಿನವೇ ಉದ್ದಕ್ಕೂ ಸೀಳಿ, ಒಳಗಿನ ಹುಳು, ಗೂಡು ಎಲ್ಲವನ್ನೂ ಬೆಂಕಿಗೆ ಹಾಕಬೇಕು. ಅಲ್ಲಿ ಒಣಗುವವರೆಗೆ ಕಾಯುವ ಮಾತಿಲ್ಲ.

ಬೊಡ್ಡೆಗೆ ಸುಲಭದ ಮದ್ದು ಹೇಳುವವರು ಊರೂರಲ್ಲಿ ಇದ್ದಾರೆ. ಸೀಮೆಎಣ್ಣೆ ಹುಯ್ಯಿ, ಉಪ್ಪು ಸುರಿ, ಮೈಲುತುತ್ತ ತುಂಬು, ಹೀಗೆ. ಸೀಮೆಎಣ್ಣೆ ಮೇಲ್ಮೈ ಸುಟ್ಟು ಆರಿಹೋಗುತ್ತದೆ, ಉಳಿದದ್ದು ಮಣ್ಣಿಗೆ ಇಳಿಯುತ್ತದೆ. ಉಪ್ಪಿನಿಂದ ಬೊಡ್ಡೆಗಿಂತ ಮೊದಲು ನೆಲ ಕೆಡುತ್ತದೆ. ಪೆಟ್ಲುಪ್ಪಿನ ಉಪಾಯ ಹಳೆಯದು: ಬೊಡ್ಡೆಗೆ ಬೈರಿಗೆಯಿಂದ ತೂತು ಕೊರೆದು ಪೆಟ್ಲುಪ್ಪು ತುಂಬಿ ನೀರು ಹಾಕಿ ಮುಚ್ಚಿ, ತಿಂಗಳುಗಟ್ಟಲೆ ಬಿಟ್ಟು, ಒಣಗಿದ ಮೇಲೆ ಬೆಂಕಿ ಹಚ್ಚುವುದು. ಮಾವು, ಹುಣಸೆಯಂಥ ಗಟ್ಟಿ ಬೊಡ್ಡೆಯಲ್ಲಿ ಬೆಂಕಿ ಒಳಗೊಳಗೇ ಕನಲಿಕೊಂಡು ಹೋಗಲು ಇದು ಸ್ವಲ್ಪ ಸಹಾಯ. ರೋಗದ ತೆಂಗಿನ ಬೊಡ್ಡೆಯನ್ನು ಇಷ್ಟು ಕಾಲ ನೆಲದಲ್ಲಿ ಇಟ್ಟುಕೊಂಡು ಕೂರುವುದಾದರೆ ಕೀಳುವ ಉದ್ದೇಶವೇ ಕೆಟ್ಟಿತು. ನನ್ನ ಅಭಿಪ್ರಾಯದಲ್ಲಿ ತೋಟದೊಳಗೆ ಗುದ್ದಲಿ ಹಾರೆಗಿಂತ ಒಳ್ಳೆಯ ಮದ್ದಿಲ್ಲ.

ಈಗ ಮಣ್ಣು ಅಗೆಯುವ ಯಂತ್ರಗಳು ಬಾಡಿಗೆಗೆ ಸಿಗುತ್ತವೆ. ಗಂಟೆಯ ಕೆಲಸ, ಹತ್ತಾರು ಬೊಡ್ಡೆ ಒಂದೇ ದಿನ ಎದ್ದುಬರುತ್ತದೆ. ತೋಟವನ್ನೆಲ್ಲ ತೆಗೆದು ಹೊಸದಾಗಿ ಕಟ್ಟುವವರಿಗೆ ಅದೇ ಸರಿ. ಆದರೆ ಒಳ್ಳೆಯ ಮರಗಳ ನಡುವೆ ಒಂದೆರಡು ಬೊಡ್ಡೆಗಾಗಿ ಯಂತ್ರ ನುಗ್ಗಿಸಿದರೆ ಅದರ ಚಕ್ರ ಎಷ್ಟು ಬೇರು ತುಳಿಯಿತು ಎಂಬುದು ಮುಂದಿನ ವರ್ಷದ ಇಳುವರಿಯಲ್ಲಿ ಕಾಣುತ್ತದೆ. ನೆಲ ಕೆಸರಾಗಿದ್ದರೆ ಬೇಡವೇ ಬೇಡ. ಇನ್ನೊಂದು, ಆ ಯಂತ್ರ ನಿನ್ನೆ ಯಾರ ತೋಟದಲ್ಲಿ ಕೆಲಸ ಮಾಡಿತ್ತು ಎಂದು ವಿಚಾರಿಸಿ. ಅದರ ಹಲ್ಲಿಗೆ ಅಂಟಿದ ಮಣ್ಣನ್ನು ತೋಟದ ಹೊರಗೇ ಕೆರೆದು ತೊಳೆಸಿದ ಮೇಲೆ ಒಳಕ್ಕೆ ಬಿಡಿ. ಗುದ್ದಲಿ ಹಾರೆಗೂ ಇದೇ ಮಾತು.

ಬೇರೆ ಮರಗಳ ಬೊಡ್ಡೆಯ ಬಗ್ಗೆ ಎರಡು ಮಾತು ಸಾಕು. ಹೊಂಗೆ ಒಳ್ಳೆಯ ಮರ. ಅದರ ಸೊಪ್ಪು, ಹಿಂಡಿ ಬೇಡವೆನ್ನುವ ಬೇಸಾಯಗಾರ ಇಲ್ಲ. ಆದರೆ ಅಣಬೆರೋಗದ ಬೂಷ್ಟು ಹೊಂಗೆಗೂ ಹತ್ತುತ್ತದೆ. ಆದ್ದರಿಂದ ಹೊಂಗೆ ಹೊಲದ ಬದುವಿನಲ್ಲಿರಲಿ, ತೆಂಗು ಅಡಿಕೆಯ ಒಳಗೆ ಬೇಡ, ತೋಟದೊಳಗಿನ ಹೊಂಗೆ ಕಡಿದರೆ ಅದರ ಬೊಡ್ಡೆಯನ್ನೂ ತೆಂಗಿನದರ ಹಾಗೆಯೇ ತೆಗೆಯಿರಿ. ನೀಲಗಿರಿ ಬುಡದಿಂದ ಮತ್ತೆ ಚಿಗುರುತ್ತದೆ. ಬಳ್ಳಾರಿ ಜಾಲಿ ಇನ್ನೂ ಹಟಮಾರಿ; ನೆಲಮಟ್ಟಕ್ಕೆ ಕಡಿದಷ್ಟೂ ಪೊದೆಯಾಗುತ್ತದೆ. ಅದರ ಚಿಗುರುವ ಕಣ್ಣುಗಳು ಇರುವುದು ನೆಲದ ಕೆಳಗೆ ಸ್ವಲ್ಪದರಲ್ಲೇ. ಒಂದಡಿ ಆಳಕ್ಕೆ ತೋಡಿ ಅಲ್ಲಿಗೆ ಬೇರು ಕತ್ತರಿಸಿದರೆ ಮತ್ತೆ ಏಳುವುದಿಲ್ಲ. ಕಾಫಿ ಸೀಮೆಯಲ್ಲಿ ನೆರಳಿನ ಮರ ತೆಗೆಯುವ ಮೊದಲು ಕಾಂಡದ ಸುತ್ತ ಒಂದಡಿ ಅಗಲಕ್ಕೆ ತೊಗಟೆ ಸುಲಿದು ಒಂದು ವರ್ಷ ಬಿಡುತ್ತಾರೆ. ಎಲೆ ಮಾಡಿದ ಆಹಾರ ತೊಗಟೆಯ ಮೂಲಕವೇ ಬೇರಿಗೆ ಇಳಿಯಬೇಕಾದ್ದರಿಂದ, ದಾರಿ ಕಡಿದ ಮೇಲೆ ಬೇರು ತನ್ನ ಗಂಟನ್ನೆಲ್ಲ ಕರಗಿಸಿಕೊಂಡು ಬರಿದಾಗುತ್ತದೆ. ಬೇರುರೋಗದ ಬೂಷ್ಟಿಗೆ ಅಲ್ಲಿ ಊಟ ಸಿಗದು. ಒಳ್ಳೆಯ ವಿಧಾನ. ಆದರೆ ಇದನ್ನು ಕೇಳಿ ತೆಂಗಿನ ಕಾಂಡಕ್ಕೆ ಮಚ್ಚು ಹಾಕಬೇಡಿ. ತೆಂಗಿಗೆ ಅಂಥ ತೊಗಟೆಯೇ ಇಲ್ಲ, ಆಹಾರ ಹರಿಯುವ ನಾಳಗಳು ಕಾಂಡದ ಒಳಗೆಲ್ಲ ಚದರಿಕೊಂಡಿವೆ. ಗಾಯದಿಂದ ಲಾಭ ಕೆಂಪುಮೂತಿ ಹುಳುವಿಗೆ ಮಾತ್ರ. ಹಾಗೆಯೇ ಬೀಟೆ, ಹೊನ್ನೆಯಂಥ ಮರಗಳಿದ್ದರೆ 1976ರ ಮರ ಸಂರಕ್ಷಣಾ ಕಾಯಿದೆ ಇದೆ, ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಕೊಡಲಿ ಎತ್ತಬೇಡಿ.

ಕೊನೆಗೆ ಗುಂಡಿ. ಬೊಡ್ಡೆ ಎದ್ದ ಗುಂಡಿಯನ್ನು ಅಂದೇ ಮುಚ್ಚಬೇಡಿ. ಒಳಗೆ ಉಳಿದ ಬೇರಿನ ಚೂರುಗಳನ್ನು ಕೈಯಾರೆ ಆರಿಸಿ ಸುಡುವ ರಾಶಿಗೆ ಹಾಕಿ, ಒಂದು ಬೇಸಗೆಯ ಬಿಸಿಲು ಪೂರಾ ತಾಗಲು ತೆರೆದಿಡಿ. ಹೊಸ ಸಸಿಯನ್ನು ಅದೇ ಜಾಗದಲ್ಲಿ ನೆಡುವ ಅವಸರ ಬೇಡ. ಗುಂಡಿ ಮುಚ್ಚಿದ ಮೇಲೆ ಒಂದೆರಡು ಬೆಳೆ ಬಾಳೆ ಇಡಿ. ಅಣಬೆರೋಗದ ತೋಟದಲ್ಲಿ ಬಾಳೆ ಬೆಳೆದರೆ ರೋಗದ ಓಟ ತಗ್ಗುತ್ತದೆಂದು ಕಂಡುಬಂದಿದೆ, ಕೈಗೆ ನಾಲ್ಕು ಕಾಸೂ ಬರುತ್ತದೆ. ತೆಂಗಿನ ಸಸಿ ಬೇಕೇ ಬೇಕೆಂದರೆ ಹಳೆಯ ಗುಂಡಿ ಬಿಟ್ಟು ಸಾಲಿನ ನಡುವೆ ಬೇರೆ ಗುಂಡಿ ತೆಗೆಯಿರಿ.

ಸುತ್ತಲಿನ ಒಳ್ಳೆಯ ಮರಗಳನ್ನು ಮರೆಯಬೇಡಿ. ವರ್ಷಕ್ಕೆ ಮರವೊಂದಕ್ಕೆ ಐದು ಕಿಲೋ ಬೇವಿನ ಹಿಂಡಿಗೆ ಐವತ್ತು ಗ್ರಾಂ ಟ್ರೈಕೋಡರ್ಮ ಪುಡಿ ಬೆರೆಸಿ ಪಾತಿಗೆ ಹಾಕಿ ಮಣ್ಣು ಮುಚ್ಚಿ. ಟ್ರೈಕೋಡರ್ಮವೂ ಒಂದು ಬೂಷ್ಟೇ, ಆದರೆ ನಮ್ಮ ಕಡೆಯದು. ರೋಗದ ಬೂಷ್ಟನ್ನು ಹಿಡಿದು ತಿನ್ನುತ್ತದೆ. ಜೀವದ ವಸ್ತುವಾದ್ದರಿಂದ ಪಾತಿಯಲ್ಲಿ ತೇವ ಇರಬೇಕು, ಅದರ ಮೇಲೆ ಬೋರ್ಡೋ ದ್ರಾವಣ ಸುರಿದು ಕೊಲ್ಲಬಾರದು. ಇದರ ವಿಷಯದಲ್ಲಿ ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು, ಅಡಿಕೆಯಾದರೆ 1956ರಲ್ಲಿ ಆರಂಭವಾದ ವಿಟ್ಲದ ಕೇಂದ್ರದವರು ಬಹಳ ಕೆಲಸ ಮಾಡಿದ್ದಾರೆ. ಒಸರು ಕಂಡ ಮರ ಒಂದೆರಡೇ ಇದ್ದಾಗಲೇ ಹತ್ತಿರದ ತೋಟಗಾರಿಕೆ ಕಚೇರಿಗೆ ಹೋಗಿ ಕೇಳಿ, ಸಾಲು ಪೂರಾ ಹೋದ ಮೇಲೆ ಅಲ್ಲ.

ತೆರೆದಿಟ್ಟ ಗುಂಡಿಯ ಸುತ್ತ ನಾಲ್ಕು ಗೂಟ ನೆಟ್ಟು ಜಾಲಿಮುಳ್ಳು ಹಾಕಿ. ಕತ್ತಲಲ್ಲಿ ನೀರು ಕಟ್ಟಲು ಬರುವವರಿಗೂ ಕರುಗಳಿಗೂ ಮೂರಡಿ ಗುಂಡಿ ಸಣ್ಣದಲ್ಲ. ಬೊಡ್ಡೆ ಸುಟ್ಟ ಬೂದಿಯನ್ನು ತಣ್ಣಗಾದ ಮೇಲೆ ಮಳೆಗೆ ತೊಳೆದುಹೋಗುವ ಮೊದಲು ಬಾಚಿ, ಆ ಗುಂಡಿಯಲ್ಲಿಡುವ ಬಾಳೆಯ ಬುಡಕ್ಕೇ ಹಾಕಿಬಿಡಿ.